ಮೌಖಿಕ ಆದೇಶದ ಮೇರೆಗೆ: ಕಾಂಗೋ ಕಡತಗಳನ್ನು ಓದುವ ಬಗೆ

1960ರ ಆಗಸ್ಟ್ 26ರಂದು ವಾಷಿಂಗ್ಟನ್‌ನಿಂದ ಆಫ್ರಿಕಾದ ಲಿಯೋಪೋಲ್ಡ್‌ವಿಲ್ ನಗರಕ್ಕೆ ಒಂದು ಕೇಬಲ್ ಹೋಯಿತು. ಕಳಿಸಿದವರು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಮುಖ್ಯಸ್ಥ ಅಲೆನ್ ಡಲ್ಲೆಸ್. ತಲುಪಬೇಕಾದವರು ಅಲ್ಲಿನ ಸಿಐಎ ಠಾಣೆಯ ಮುಖ್ಯಸ್ಥ ಲ್ಯಾರಿ ಡೆವ್ಲಿನ್. ಕಾಂಗೋದ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ ಅಧಿಕಾರದಲ್ಲಿ ಮುಂದುವರಿದರೆ ಒಳ್ಳೆಯದೆಂದರೆ ಅರಾಜಕತೆ, ಕೆಟ್ಟದ್ದೆಂದರೆ ಕಮ್ಯುನಿಸ್ಟರ ಕೈಗೆ ದೇಶ. ಆದ್ದರಿಂದ ಅವರ 'ತೆರವು' ತುರ್ತಿನ, ಮೊದಲ ಗುರಿಯಾಗಬೇಕು. ಕೇಬಲ್‌ನ ತಾತ್ಪರ್ಯ ಇಷ್ಟು. ಕೇಂದ್ರ ಕಚೇರಿಯನ್ನು ಕೇಳಲು ಸಮಯವಿಲ್ಲದಿದ್ದರೆ ಒಂದು ಲಕ್ಷ ಡಾಲರ್‌ವರೆಗೆ ಖರ್ಚು ಮಾಡಲೂ ಅದರಲ್ಲೇ ಅನುಮತಿ ಇತ್ತು. ಈ ತೀರ್ಮಾನ ಯಾರದು? ಇಲ್ಲಿನ 'ಉನ್ನತ ವಲಯ'ದ್ದು ಎಂದಷ್ಟೇ ಬರೆದಿದೆ. ಹೆಸರಿಲ್ಲ.

ತಾಲ್ಲೂಕು ಕಚೇರಿ, ಜಿಲ್ಲಾ ಪಂಚಾಯಿತಿ, ಪೊಲೀಸ್ ಠಾಣೆ ಎಂದು ಓಡಾಡುವ ನಮ್ಮಂಥ ಜಿಲ್ಲಾ ಸುದ್ದಿಗಾರರಿಗೆ ಈ ಭಾಷೆ ಹೊಸದೇನಲ್ಲ. 'ಮೇಲಧಿಕಾರಿಗಳ ಮೌಖಿಕ ಆದೇಶದ ಮೇರೆಗೆ ಸೂಕ್ತ ಕ್ರಮ ಕೈಗೊಳ್ಳಲಾಗಿದೆ' ಎಂಬ ಷರಾವನ್ನು ಎಷ್ಟು ಕಡತಗಳಲ್ಲಿ ನೋಡಿಲ್ಲ ನಾವು? ಯಾವ ಮೇಲಧಿಕಾರಿ, ಏನು ಆದೇಶ, ಯಾರಿಗೆ ಸೂಕ್ತ, ಒಂದಕ್ಕೂ ಉತ್ತರವಿರುವುದಿಲ್ಲ. ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಎಂಬ ಎರಡು ಬಲಾಢ್ಯ ದೇಶಗಳು ಆಗ ತಾನೇ ಸ್ವತಂತ್ರವಾದ ಬಡ ದೇಶಗಳ ನೆಲದಲ್ಲಿ ಹೇಗೆ ಗುದ್ದಾಡಿದವು ಎಂಬುದನ್ನು ಸರ್ಕಾರಿ ಕಡತಗಳಿಂದಲೇ ತಿಳಿಯುವುದು ಹೇಗೆ? ಇದನ್ನು ನೋಡಲು ನಾವು ಕಾಂಗೋವನ್ನು ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಅಲ್ಲಿ ನಡೆದ ಒಂದೇ ಕೊಲೆಯ ಬಗ್ಗೆ ನಾಲ್ಕೈದು ಸರ್ಕಾರಗಳ ಕಾಗದಗಳು ಒಂದೊಂದಾಗಿ, ದಶಕಗಟ್ಟಲೆ ಅಂತರದಲ್ಲಿ, ಹೊರಬಿದ್ದಿವೆ. ಒಂದರ ಪಕ್ಕ ಒಂದು ಇಟ್ಟು ಓದಬಹುದು.

ಮೊದಲು ಕಥೆ. ಬೆಲ್ಜಿಯಂ ವಸಾಹತಾಗಿದ್ದ ಕಾಂಗೋ 1960ರ ಜೂನ್ 30ರಂದು ಸ್ವತಂತ್ರವಾಯಿತು. ಪಶ್ಚಿಮ ಯುರೋಪನ್ನೇ ಹಿಡಿಸುವಷ್ಟು ದೊಡ್ಡ ದೇಶ, ವಿಶ್ವವಿದ್ಯಾಲಯದ ಪದವಿ ಪಡೆದಿದ್ದ ಕಾಂಗೋದವರು ಇಪ್ಪತ್ತರ ಆಸುಪಾಸು. ಜೋಸೆಫ್ ಕಾಸಾವುಬು ಅಧ್ಯಕ್ಷ, ಲುಮುಂಬಾ ಪ್ರಧಾನಿ. ಒಂದು ವಾರ ಕಳೆಯುವುದರೊಳಗೆ ಸೈನ್ಯ ದಂಗೆ ಎದ್ದಿತು. ಸೈನ್ಯದಲ್ಲಿ ಅಧಿಕಾರಿಗಳೆಲ್ಲ ಇನ್ನೂ ಬೆಲ್ಜಿಯಂನವರೇ ಆಗಿದ್ದರು. ಸೇನಾಪತಿ ಯಾನ್ಸೆನ್ಸ್ ಸೈನಿಕರನ್ನು ಕೂರಿಸಿಕೊಂಡು, ಸ್ವಾತಂತ್ರ್ಯದ ಮುಂಚೆ ಹೇಗೋ ಆಮೇಲೂ ಹಾಗೇ ಎಂದು ಕರಿಹಲಗೆಯ ಮೇಲೆ ಬರೆದು ತೋರಿಸಿದ್ದರು. ಜುಲೈ 11ಕ್ಕೆ ತಾಮ್ರ, ಕೋಬಾಲ್ಟ್ ಗಣಿಗಳಿರುವ ಕಟಾಂಗಾ ಪ್ರಾಂತ್ಯ ಮೊಯಿಸ್ ಶೋಂಬೆ ನಾಯಕತ್ವದಲ್ಲಿ ಪ್ರತ್ಯೇಕ ದೇಶವೆಂದು ಘೋಷಿಸಿಕೊಂಡಿತು. ಬೆನ್ನಿಗೆ ಬೆಲ್ಜಿಯಂ ಸೈನಿಕರೂ ಯೂನಿಯನ್ ಮಿನಿಯೆರ್ ಎಂಬ ಗಣಿ ಕಂಪನಿಯೂ ನಿಂತಿದ್ದವು. ಹಿರೋಶಿಮಾ ಬಾಂಬಿನ ಯುರೇನಿಯಂನ ಬಹುಪಾಲು ಇದೇ ಪ್ರಾಂತ್ಯದ ಶಿಂಕೊಲೋಬ್ವೆ ಗಣಿಯದು ಎಂದರೆ ಈ ನೆಲದ ಮೇಲೆ ಯಾರ್ಯಾರ ಕಣ್ಣಿತ್ತು ಎಂಬುದು ಗೊತ್ತಾಗುತ್ತದೆ.

ಲುಮುಂಬಾ ಮೊದಲು ವಿಶ್ವಸಂಸ್ಥೆಯನ್ನು ಕರೆದರು. ಪಡೆ ಬಂತು, ಆದರೆ ಕಟಾಂಗಾಕ್ಕೆ ಕೈ ಹಾಕಲಿಲ್ಲ. ಜುಲೈ ಕೊನೆಗೆ ತಾವೇ ವಾಷಿಂಗ್ಟನ್‌ಗೆ ಹೋದರು. ವಿದೇಶಾಂಗ ಕಾರ್ಯದರ್ಶಿ ಹರ್ಟರ್ ಸಿಕ್ಕರು. ಅಧ್ಯಕ್ಷ ಐಸೆನ್‌ಹೋವರ್ ರಾಜಧಾನಿಯಲ್ಲಿರಲಿಲ್ಲ. ಸಹಾಯ ಏನಿದ್ದರೂ ವಿಶ್ವಸಂಸ್ಥೆಯ ಮೂಲಕವೇ ಎಂಬ ಉತ್ತರ ಸಿಕ್ಕಿತು. ಆಗಸ್ಟ್‌ನಲ್ಲಿ ಅವರು ಮಾಸ್ಕೋ ಕಡೆ ತಿರುಗಿದರು. ಸೋವಿಯತ್ ಒಕ್ಕೂಟದಿಂದ ಹತ್ತು-ಹದಿನೈದು ಇಲ್ಯೂಷಿನ್ ಸಾಗಣೆ ವಿಮಾನಗಳು, ಒಂದಿಷ್ಟು ಟ್ರಕ್ಕುಗಳು ಬಂದವು. ಅಲ್ಲಿಗೆ ವಾಷಿಂಗ್ಟನ್‌ನ ಕಣ್ಣಲ್ಲಿ ಅವರ ಮೇಲೆ ಮುದ್ರೆ ಬಿತ್ತು. ಸೆಪ್ಟೆಂಬರ್ 5ರಂದು ಕಾಸಾವುಬು ಅವರನ್ನು ವಜಾ ಮಾಡಿದರು. ಸಂಸತ್ತು ಅವರ ಪರ ನಿಂತಿತು. 14ರಂದು ಸೇನೆಯ ಕರ್ನಲ್ ಮೊಬುಟು ಅಧಿಕಾರ ಕಸಿದರು. ಲುಮುಂಬಾ ವಿಶ್ವಸಂಸ್ಥೆಯ ಕಾವಲಿನಲ್ಲಿ ಮನೆಯಲ್ಲೇ ಉಳಿದರು. ನವೆಂಬರ್ 27ರ ರಾತ್ರಿ ತಪ್ಪಿಸಿಕೊಂಡು ಬೆಂಬಲಿಗರಿದ್ದ ಸ್ಟ್ಯಾನ್ಲಿವಿಲ್ ಕಡೆ ಹೊರಟರು. ದಾರಿಯಲ್ಲಿ ಸಿಕ್ಕಿಬಿದ್ದರು. 1961ರ ಜನವರಿ 17ರಂದು ಅವರನ್ನೂ ಸಂಗಡಿಗರಾದ ಎಂಪೋಲೋ, ಒಕಿಟೋ ಅವರನ್ನೂ ವಿಮಾನದಲ್ಲಿ ಹೊಡೆಯುತ್ತ ಬಡಿಯುತ್ತ ಕಟಾಂಗಾಕ್ಕೆ ಒಯ್ದು, ಅದೇ ರಾತ್ರಿ ಮರದ ಬುಡದಲ್ಲಿ ನಿಲ್ಲಿಸಿ ಗುಂಡಿಕ್ಕಿದರು. ಶೋಂಬೆಯೂ ಅವರ ಮಂತ್ರಿಗಳೂ ಅಲ್ಲಿದ್ದರು, ಬೆಲ್ಜಿಯಂ ಅಧಿಕಾರಿಗಳೂ ಇದ್ದರು. ಫೆಬ್ರವರಿ 13ರಂದು ಕಟಾಂಗಾದ ಗೃಹಮಂತ್ರಿ ಪತ್ರಕರ್ತರನ್ನು ಕರೆದು, ಕೈದಿಗಳು ತಪ್ಪಿಸಿಕೊಂಡು ಓಡಿದ್ದರು, ಹಳ್ಳಿಯವರು ಕೊಂದುಬಿಟ್ಟರು ಎಂದರು. ಆ ಗೋಷ್ಠಿಯಲ್ಲಿ ಕೂತಿದ್ದ ವರದಿಗಾರರ ಸ್ಥಿತಿಯನ್ನು ನಾವು ಊಹಿಸಿಕೊಳ್ಳಬಲ್ಲೆವು.

ಸಾಯುವಾಗ ಲುಮುಂಬಾಗೆ 35 ವರ್ಷ. ಅಂಚೆ ಕಚೇರಿಯ ಗುಮಾಸ್ತರಾಗಿ ಸ್ಟ್ಯಾನ್ಲಿವಿಲ್‌ನಲ್ಲಿದ್ದಾಗ ರಾಜಧಾನಿಯ ಪತ್ರಿಕೆಗಳಿಗೆ ಲೇಖನ ಕಳಿಸುತ್ತಿದ್ದವರು. ಒಂದರ್ಥದಲ್ಲಿ ನಮ್ಮ ಕುಲದವರೇ.

ಈಗ ಕಡತಗಳಿಗೆ ಬರೋಣ. ಮೊದಲು ತೆರೆದದ್ದು ಅಮೆರಿಕದ್ದು, ಅದೂ ಸರ್ಕಾರ ತಾನಾಗಿ ತೆರೆದದ್ದಲ್ಲ. ವಾಟರ್‌ಗೇಟ್ ಹಗರಣದ ನಂತರ ಸಿಐಎ ಮೇಲೆ ಅನುಮಾನ ಎದ್ದಾಗ ಸೆನೆಟರ್ ಫ್ರಾಂಕ್ ಚರ್ಚ್ ನೇತೃತ್ವದ ಸಮಿತಿ ವಿದೇಶಿ ನಾಯಕರ ಹತ್ಯಾ ಸಂಚುಗಳ ಬಗ್ಗೆ 1975ರ ನವೆಂಬರ್‌ನಲ್ಲಿ ವರದಿ ಕೊಟ್ಟಿತು. ಅದರಲ್ಲಿ ಮೇಲಿನ ಆಗಸ್ಟ್ 26ರ ಕೇಬಲ್ ಇದೆ. ಸಿಡ್ನಿ ಗಾಟ್ಲಿಬ್ ಎಂಬ ಸಿಐಎ ರಸಾಯನಶಾಸ್ತ್ರಜ್ಞ ಸೆಪ್ಟೆಂಬರ್ ಕೊನೆಗೆ ವಿಷ ಹೊತ್ತು ಲಿಯೋಪೋಲ್ಡ್‌ವಿಲ್‌ಗೆ ಬಂದದ್ದೂ ಇದೆ. ಆದರೆ ವರದಿಯಲ್ಲಿ ಗಾಟ್ಲಿಬ್ ಎಂಬ ಹೆಸರೇ ಸಿಗದು. 'ಜೋಸೆಫ್ ಷೈಡರ್' ಎಂದಿದೆ. ಡೆವ್ಲಿನ್ ಅವರು 'ವಿಕ್ಟರ್ ಹೆಡ್ಜ್‌ಮನ್' ಆಗಿದ್ದಾರೆ. ಕಡತ ಓದುವವರು ಮೊದಲು ಇಂಥ ಸುಳ್ಳು ಹೆಸರುಗಳ ಪಟ್ಟಿಯೊಂದನ್ನು ಮಾಡಿಕೊಳ್ಳಬೇಕಾಗುತ್ತದೆ. ನಾವೂ ಒಂದು ನೋಟ್‌ಬುಕ್ಕಿನ ಹಿಂಬದಿಯಲ್ಲಿ ಮಾಡಿಕೊಂಡೆವು. ವಿಷವನ್ನು ಬಳಸಲಿಲ್ಲ, ಕಾಂಗೋ ನದಿಗೆ ಎಸೆದೆ ಎಂಬುದು ಡೆವ್ಲಿನ್ ಅವರ ಹೇಳಿಕೆ.

ನಮಗೆ ಹೆಚ್ಚು ಕಲಿಸಿದ್ದು ವಿಷದ ಕಥೆಯಲ್ಲ. ಆಗಸ್ಟ್ 18ರ ಸಭೆಯ ಕಥೆ. ಅಂದು ರಾಷ್ಟ್ರೀಯ ಭದ್ರತಾ ಮಂಡಳಿಯ ಸಭೆಯಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಇದ್ದರು. ನಡಾವಳಿ ಬರೆಯುತ್ತಿದ್ದವರು ರಾಬರ್ಟ್ ಜಾನ್ಸನ್ ಎಂಬ ಅಧಿಕಾರಿ. 15 ವರ್ಷಗಳ ನಂತರ ಅವರು ಚರ್ಚ್ ಸಮಿತಿ ಮುಂದೆ ಬಂದು, ಅಧ್ಯಕ್ಷರು ಆಡಿದ ಒಂದು ಮಾತು ಲುಮುಂಬಾ ಹತ್ಯೆಗೆ ಆದೇಶದಂತೆ ತಮಗೆ ಕೇಳಿಸಿತು, ಆ ಕ್ಷಣ ತಮಗೆ ಆಘಾತವಾಯಿತು ಎಂದು ಸಾಕ್ಷಿ ನುಡಿದರು. ಅವರೇ ಬರೆದ ನಡಾವಳಿಯಲ್ಲಿ ಆ ಮಾತು ಇಲ್ಲ. ಸಭೆಯಲ್ಲಿದ್ದ ಬೇರೆಯವರು ನೆನಪಿಲ್ಲ ಎಂದರು. ಕಾಗದದ ಮಟ್ಟಿಗೆ ಆ ಆದೇಶ ಹುಟ್ಟಲೇ ಇಲ್ಲ.

ಒಂದೇ ಕಾಗದ ಹಿಡಿದುಕೊಂಡು ಕೂತರೆ ಇಲ್ಲಿ ನಿಂತುಬಿಡುತ್ತೇವೆ. ಅದಕ್ಕೇ ದಿನಾಂಕದ ಪ್ರಕಾರ ಮುಂದಿನ ಕಾಗದಗಳನ್ನು ಜೋಡಿಸಬೇಕು. ಆಗಸ್ಟ್ 25ರಂದು ರಹಸ್ಯ ಕಾರ್ಯಾಚರಣೆಗಳಿಗೆ ಒಪ್ಪಿಗೆ ಕೊಡುವ ಸಣ್ಣ ಸಮಿತಿ ಸೇರಿತು. ಅಲ್ಲಿ ಅಧ್ಯಕ್ಷರ ಭದ್ರತಾ ಸಲಹೆಗಾರ ಗಾರ್ಡನ್ ಗ್ರೇ, ಕಾಂಗೋದಲ್ಲಿ ನೇರ ಕ್ರಮ ಬೇಕೆಂದು ತಮ್ಮ 'ಸಹವರ್ತಿಗಳು' ಬಲವಾಗಿ ಭಾವಿಸಿದ್ದಾರೆ ಎಂದರು. ಸಹವರ್ತಿಗಳು ಎಂದರೆ ಅಧ್ಯಕ್ಷರೇ ಎಂದು ಸಮಿತಿ ಮುಂದೆ ಆಮೇಲೆ ಒಪ್ಪಿಕೊಂಡರು. ಲುಮುಂಬಾರನ್ನು ನಿವಾರಿಸಲು ನೆರವಾಗುವ ಯಾವ ಬಗೆಯ ಚಟುವಟಿಕೆಯ 'ಪರಿಶೀಲನೆ'ಯನ್ನೂ ತಳ್ಳಿಹಾಕಬೇಕಾಗಿಲ್ಲ ಎಂದು ಆ ಸಭೆ ತೀರ್ಮಾನಿಸಿತು. ಮಾರನೆಯ ದಿನವೇ ಡಲ್ಲೆಸ್ ಕೇಬಲ್ ಹೊರಟಿತು. 18, 25, 26. ಮೂರು ಕಾಗದ, ಒಂದರಲ್ಲೂ 'ಕೊಲ್ಲು' ಎಂಬ ಪದವಿಲ್ಲ. ಒಂದು ತಿಂಗಳಾಗುವಷ್ಟರಲ್ಲಿ ವಿಷ ಬಂದಿಳಿಯಿತು. ಅಧ್ಯಕ್ಷರ ಅನುಮತಿ ಇತ್ತೆಂದು ಊಹಿಸಲು ಸಾಕಷ್ಟು ಆಧಾರವಿದೆ, ಆದರೆ ಖಡಾಖಂಡಿತವಾಗಿ ಹೇಳಲಾಗದು ಎಂಬಲ್ಲಿಗೆ ಚರ್ಚ್ ಸಮಿತಿ ನಿಂತಿತು. ಅಮೆರಿಕ ಸಂಚು ಹೂಡಿತ್ತು, ಆದರೆ ಕೊನೆಗೆ ನಡೆದ ಕೊಲೆಯಲ್ಲಿ ಅದರ ಕೈ ಇದ್ದುದಕ್ಕೆ ಪುರಾವೆ ಸಿಗಲಿಲ್ಲ ಎಂದೂ ಹೇಳಿತು.

ಬ್ರಿಟಿಷರ ಕಡತದಲ್ಲಿ ಮಾತ್ರ ಈ ನಾಚಿಕೆ ಕಾಣುವುದಿಲ್ಲ. 1960ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ವಿದೇಶಾಂಗ ಇಲಾಖೆಯ ಹೊವರ್ಡ್ ಸ್ಮಿತ್ ಎಂಬ ಅಧಿಕಾರಿ ಟಿಪ್ಪಣಿ ಹಾಳೆಯಲ್ಲಿ, ಲುಮುಂಬಾ ಸಮಸ್ಯೆಗೆ ಎರಡು ಪರಿಹಾರಗಳಿವೆ, ಸರಳವಾದದ್ದು ಕೊಂದು ದೂರ ಮಾಡುವುದು ಎಂದು ಬರೆದಿದ್ದಾರೆ. ಮುಂದೆ ಈ ಸ್ಮಿತ್ ಬ್ರಿಟನ್ನಿನ ಆಂತರಿಕ ಗುಪ್ತಚರ ಸಂಸ್ಥೆ ಎಂಐ5ಕ್ಕೆ ಮುಖ್ಯಸ್ಥರಾದರು. ಕೆಳಗಿನ ಟೇಬಲ್ಲಿನ ಟಿಪ್ಪಣಿಯಲ್ಲಿ ಸತ್ಯ ಹೆಚ್ಚು, ಮೇಲಿನ ಆದೇಶದಲ್ಲಿ ಕಡಿಮೆ. ಇದು ನಮ್ಮ ಕಚೇರಿಗಳಲ್ಲೂ ಕಂಡ ಮಾತೇ. ಆರ್‌ಟಿಐ ಅರ್ಜಿ ಹಾಕುವ ಗೆಳೆಯರು 'ಆದೇಶದ ಪ್ರತಿ ಕೊಡಿ' ಎಂದಷ್ಟೇ ಕೇಳದೆ 'ಟಿಪ್ಪಣಿ ಹಾಳೆಗಳ ಸಮೇತ ಇಡೀ ಕಡತ ಕೊಡಿ' ಎಂದು ಕೇಳುವುದು ಇದಕ್ಕೇ.

ಅಮೆರಿಕ ತನ್ನ ವಿದೇಶಾಂಗ ದಾಖಲೆಗಳನ್ನು ಸಂಪುಟಗಳಾಗಿ ಪ್ರಕಟಿಸುವ ಪದ್ಧತಿ ಅಬ್ರಹಾಂ ಲಿಂಕನ್ ಕಾಲದಿಂದಲೂ ಇದೆ. 'ಫಾರಿನ್ ರಿಲೇಷನ್ಸ್ ಆಫ್ ದಿ ಯುನೈಟೆಡ್ ಸ್ಟೇಟ್ಸ್' ಎಂಬ ಈ ಮಾಲೆ ಈಗ ಇಡಿಯಾಗಿ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಮೊಬೈಲ್‌ನಲ್ಲೇ ಓದಬಹುದು. ಒಂದು ದೇಶ ತನ್ನ ರಾಯಭಾರಿಗಳ ಟೆಲಿಗ್ರಾಂಗಳನ್ನು ಹೀಗೆ ಹರವಿಡುವುದು ಸಣ್ಣ ಮಾತಲ್ಲ, ಅದನ್ನು ಮೊದಲು ಒಪ್ಪಿಕೊಳ್ಳೋಣ. ಆದರೆ ಸಂಪುಟವೂ ಸರ್ಕಾರಿ ಕಾಗದವೇ. 1989ರಲ್ಲಿ ಬಂದ ಇರಾನ್ ಸಂಪುಟದಲ್ಲಿ 1953ರಲ್ಲಿ ಮೊಸಾದೆಘ್ ಸರ್ಕಾರವನ್ನು ಉರುಳಿಸಿದ ಸಿಐಎ ಹೆಸರೇ ಇರಲಿಲ್ಲ. ಇತಿಹಾಸಕಾರರು ಸಿಟ್ಟಾದರು. ಸಲಹಾ ಸಮಿತಿಯ ಅಧ್ಯಕ್ಷರಾಗಿದ್ದ ವಾರೆನ್ ಕೋಹೆನ್ 1990ರಲ್ಲಿ ರಾಜೀನಾಮೆ ಕೊಟ್ಟರು. ಮರುವರ್ಷ ಅಮೆರಿಕದ ಸಂಸತ್ತು ಕಾನೂನು ಮಾಡಿತು. ದಾಖಲೆ ಸಮಗ್ರವಾಗಿರಬೇಕು, ನಂಬುವಂತಿರಬೇಕು, 30 ವರ್ಷದೊಳಗೆ ಬರಬೇಕು.

ಕಾನೂನು ಬಂದರೂ ಕಾಂಗೋ ಸಂಪುಟಗಳ ಗತಿ ಅದೇ ಆಯಿತು. 1992ರಲ್ಲಿ ಒಂದು, 1994ರಲ್ಲಿ ಇನ್ನೊಂದು ಬಂದವು, ಎರಡರಲ್ಲೂ ಸಿಐಎ ಕಾರ್ಯಾಚರಣೆಯ ದಾಖಲೆಗಳು ನಾಪತ್ತೆ. ಬಿಟ್ಟುಹೋದದ್ದನ್ನು ತುಂಬಲೆಂದೇ 1960ರಿಂದ 1968ರವರೆಗಿನ ಕಾಂಗೋ ಕುರಿತ ಪ್ರತ್ಯೇಕ ಸಂಪುಟ ಹೊರಬಂದದ್ದು 2013ರಲ್ಲಿ. ಅಂದರೆ ಘಟನೆ ನಡೆದ 53 ವರ್ಷಕ್ಕೆ. ಆ ವರ್ಷಗಳಲ್ಲಿ ಕಾಂಗೋದ ರಹಸ್ಯ ಕಾರ್ಯಾಚರಣೆಗೆ ಮಂಜೂರಾದ ಮೊತ್ತ ಸುಮಾರು 1.17 ಕೋಟಿ ಡಾಲರ್ ಎಂಬ ಲೆಕ್ಕ ಅದರಲ್ಲಿದೆ. ಯಾವ ರಾಜಕಾರಣಿಗೆ, ಯಾವ ಸೇನಾಧಿಕಾರಿಗೆ ಹಣ ಹೋಯಿತು ಎಂಬ ಜಾಗಕ್ಕೆ ಬಂದಾಗ ಮಾತ್ರ ಕಂಸದೊಳಗೆ 'ಒಂದು ಸಾಲಿಗಿಂತ ಕಡಿಮೆ ಭಾಗವನ್ನು ಬಹಿರಂಗಪಡಿಸಿಲ್ಲ' ಎಂಬ ಒಕ್ಕಣೆ ಸಿಗುತ್ತದೆ. ಈ ಸಂಪುಟವನ್ನು ಓದುವ ಒಂದು ಉಪಾಯ ನಮಗೆ ಹೊಳೆದದ್ದು ಇಲ್ಲೇ. ಅಳಿಸಿದ ಜಾಗ ಎಷ್ಟು ಉದ್ದವಿದೆ ಎಂದು ಅವರೇ ಹೇಳಿರುತ್ತಾರೆ. ಹಿಂದಿನ, ಮುಂದಿನ ವಾಕ್ಯದ ಜತೆ ಇಟ್ಟು ನೋಡಿದರೆ ಅಲ್ಲಿರುವುದು ಹೆಸರೋ, ಮೊತ್ತವೋ, ಊರೋ ಎಂದು ಹಲವು ಸಲ ತಿಳಿದುಬಿಡುತ್ತದೆ.

ಹೊಸ ದಾಖಲೆಗಳನ್ನು ಹಳೆಯವುಗಳ ಜತೆ ಜೋಡಿಸಿ ನೋಡಿದವರಲ್ಲಿ ಅಮೆರಿಕದ ಸ್ಟೀಫನ್ ವೈಸ್‌ಮನ್ ಮುಖ್ಯರು. ಲುಮುಂಬಾರನ್ನು ಸೆರೆಮನೆಯಿಂದ ಅವರ ಕಡುವೈರಿಗಳ ಪ್ರದೇಶಕ್ಕೆ ಸಾಗಿಸಲಿದ್ದಾರೆ ಎಂದು ಡೆವ್ಲಿನ್‌ಗೆ ಜನವರಿ 14ರಂದೇ ಕಾಂಗೋ ಸರ್ಕಾರದವರೊಬ್ಬರು ತಿಳಿಸಿದ್ದರು. ವಾಷಿಂಗ್ಟನ್‌ಗೆ ಅವರು ವರದಿ ಕಳಿಸಿದ್ದು 17ಕ್ಕೆ, ಕೆಲಸ ಮುಗಿಯುವ ದಿನ. ಜನವರಿ 20ಕ್ಕೆ ಹೊಸ ಅಧ್ಯಕ್ಷ ಕೆನಡಿ ಅಧಿಕಾರಕ್ಕೆ ಬರುವವರಿದ್ದರು, ಅವರ ಸರ್ಕಾರ ಲುಮುಂಬಾ ವಿಷಯದಲ್ಲಿ ಮೆತ್ತಗಾಗಬಹುದೆಂಬ ಅಂಜಿಕೆ ಲಿಯೋಪೋಲ್ಡ್‌ವಿಲ್‌ನಲ್ಲಿತ್ತು. ಆ ಮೂರು ದಿನದ ಮೌನವನ್ನು ಒಪ್ಪಿಗೆ ಎಂದು ವೈಸ್‌ಮನ್ ಓದುತ್ತಾರೆ. ಡೆವ್ಲಿನ್ ತಮ್ಮ ಆತ್ಮಕಥೆಯಲ್ಲಿ ಹಾಗಲ್ಲ ಎಂದಿದ್ದಾರೆ. ನಮಗೆ ವೈಸ್‌ಮನ್ ಓದು ಸರಿ ಎನಿಸುತ್ತದೆ. ಇಷ್ಟು ತುರ್ತಿನ ವಿಷಯದಲ್ಲಿ ದಿನಕ್ಕೊಂದು ಕೇಬಲ್ ಕಳಿಸುತ್ತಿದ್ದ ಮನುಷ್ಯ ಅದೇ ಮೂರು ದಿನ ಸುಮ್ಮನಿರುವುದು ಆಕಸ್ಮಿಕವೆಂದು ನಂಬುವುದು ಕಷ್ಟ. ಜನವರಿ 19ರಂದು ಕಟಾಂಗಾದ ಎಲಿಜಬೆತ್‌ವಿಲ್‌ನ ಸಿಐಎ ಕಚೇರಿಯಿಂದ ಹೋದ ಇನ್ನೊಂದು ಕೇಬಲ್ ಚರ್ಚ್ ವರದಿಯಲ್ಲೇ ಇದೆ. ಪ್ಯಾಟ್ರಿಸ್‌ನನ್ನು ಕಳಿಸಿದ್ದಕ್ಕೆ ಧನ್ಯವಾದ, ಬರುವುದು ಮೊದಲೇ ಗೊತ್ತಿದ್ದರೆ ಹಾವು ಬೇಯಿಸಿ ಇಡುತ್ತಿದ್ದೆವು ಎಂದು ಅದರ ಅರ್ಥ. ಇಂಗ್ಲಿಷಿನಲ್ಲಿ ಕೇಕ್ ಜಾಗಕ್ಕೆ ಸ್ನೇಕ್ ಹಾಕಿ ಮಾಡಿದ ತಮಾಷೆ. ಆ ಹೊತ್ತಿಗೆ ಲುಮುಂಬಾ ಸತ್ತು ಎರಡು ದಿನವಾಗಿತ್ತು.

ಬೆಲ್ಜಿಯಂ ಸರ್ಕಾರದ ಕಡತಗಳು ತೆರೆದದ್ದಕ್ಕೆ ಒಂದು ಪುಸ್ತಕ ಕಾರಣ. ಲುಡೋ ಡಿ ವಿಟ್ಟೆ ಎಂಬ ಸಮಾಜಶಾಸ್ತ್ರಜ್ಞ 1999ರಲ್ಲಿ ವಿಶ್ವಸಂಸ್ಥೆಯ ಮತ್ತು ಬೆಲ್ಜಿಯಂನ ಕಡತಗಳನ್ನು ಜಾಲಾಡಿ ಪುಸ್ತಕ ಬರೆದರು. ಗದ್ದಲವೆದ್ದು ಸಂಸತ್ತು ತನಿಖಾ ಆಯೋಗ ನೇಮಿಸಿತು. ಆಫ್ರಿಕಾ ವ್ಯವಹಾರಗಳ ಮಂತ್ರಿಯಾಗಿದ್ದ ದಾಸ್ಪ್ರೆಮೋಂ ಲಿಂಡೆನ್ 1960ರ ಅಕ್ಟೋಬರ್ 6ರಂದು ಕಳಿಸಿದ ಟೆಲಿಗ್ರಾಂನಲ್ಲಿ ಲುಮುಂಬಾರ 'ಅಂತಿಮ ನಿವಾರಣೆ' ಮುಖ್ಯ ಗುರಿ ಎಂದಿದೆ. ಡಿ ವಿಟ್ಟೆ ಇದನ್ನು ಕೊಲೆ ಎಂದು ಓದಿದರು. ಆಯೋಗ, ಇಲ್ಲ, ಅದು ರಾಜಕೀಯವಾಗಿ ಮುಗಿಸುವ ಮಾತು ಎಂದಿತು. ಆದರೆ ಅದೇ ಮಂತ್ರಿ 1961ರ ಜನವರಿ 16ರಂದು, ಲುಮುಂಬಾರನ್ನು ಒಪ್ಪಿಕೊಳ್ಳುವಂತೆ ಶೋಂಬೆಗೆ ಒತ್ತಾಯ ಹೇರಿದ ಟೆಲಿಗ್ರಾಂ ಕೂಡ ಇದೆ. ಕಟಾಂಗಾದಲ್ಲಿ ಅವರಿಗೆ ಏನಾಗುತ್ತದೆಂದು ಆಗ ಎಲ್ಲರಿಗೂ ಗೊತ್ತಿತ್ತು. 2001ರ ನವೆಂಬರ್ ವರದಿಯಲ್ಲಿ ಬೆಲ್ಜಿಯಂನ ಕೆಲವು ಮಂತ್ರಿಗಳೂ ಅಧಿಕಾರಿಗಳೂ 'ನೈತಿಕ ಹೊಣೆ' ಹೊರಬೇಕೆಂದು ಆಯೋಗ ಬರೆಯಿತು. 2002ರ ಫೆಬ್ರವರಿಯಲ್ಲಿ ಸರ್ಕಾರ ಕ್ಷಮೆ ಕೇಳಿತು. ಶವವನ್ನು ತುಂಡರಿಸಿ ಆಸಿಡ್‌ನಲ್ಲಿ ಕರಗಿಸಿದ ಬೆಲ್ಜಿಯಂ ಪೊಲೀಸ್ ಅಧಿಕಾರಿ ಜೆರಾರ್ಡ್ ಸೂಟೆ ಒಂದು ಹಲ್ಲನ್ನು ಮನೆಯಲ್ಲಿ ಇಟ್ಟುಕೊಂಡಿದ್ದರು. ಆ ಹಲ್ಲನ್ನು 2022ರ ಜೂನ್‌ನಲ್ಲಿ ಕುಟುಂಬಕ್ಕೆ ಹಿಂತಿರುಗಿಸಲಾಯಿತು. ಲುಮುಂಬಾರ ಅವಶೇಷವೆಂದು ಉಳಿದದ್ದು ಅದೊಂದೇ.

ಇಷ್ಟೂ ಒಂದು ಪಾಳೆಯದ ಕಾಗದ. ಇನ್ನೊಂದು ಪಾಳೆಯದ್ದು ಏನು ಹೇಳುತ್ತದೆ? ಡೆವ್ಲಿನ್ 1960ರ ಆಗಸ್ಟ್‌ನಲ್ಲಿ ಕಳಿಸಿದ ಕೇಬಲ್ ಓದಿದರೆ ಮಾಸ್ಕೋ ಕಾಂಗೋವನ್ನು ಇನ್ನೇನು ನುಂಗಿಯೇಬಿಟ್ಟಿತು ಎನಿಸುತ್ತದೆ. ಲುಮುಂಬಾ ನಿಜಕ್ಕೂ ಕಮ್ಯುನಿಸ್ಟೋ ಅಥವಾ ಕಮ್ಯುನಿಸ್ಟರ ಆಟವನ್ನು ಆಡುತ್ತಿದ್ದಾರೋ ಎಂಬುದು ಅಷ್ಟು ಮುಖ್ಯವಲ್ಲ, ಇನ್ನೊಂದು ಕ್ಯೂಬಾ ಆಗುವುದನ್ನು ತಡೆಯಲು ಸಮಯ ಕಡಿಮೆ ಇದೆ ಎಂಬ ಧಾಟಿ ಅದರದು. 'ಮುಖ್ಯವಲ್ಲ' ಎಂಬುದನ್ನು ಗಮನಿಸಿ. ಆತ ಯಾರು ಎಂದು ತಿಳಿದುಕೊಳ್ಳುವುದೇ ಗುಪ್ತಚರನ ಕೆಲಸವಾಗಿತ್ತು. 1991ರ ನಂತರ ಸೋವಿಯತ್ ಕಡತಗಳು ಭಾಗಶಃ ತೆರೆದವು. ರಷ್ಯಾದ ಇತಿಹಾಸಕಾರ ಸೆರ್ಗೆಯ್ ಮಾಜೋವ್, ಇಟಲಿಯ ಅಲೆಸ್ಸಾಂಡ್ರೋ ಇಯಾಂಡೋಲೋ ಅವುಗಳನ್ನು ಓದಿದ್ದಾರೆ. ಅಲ್ಲಿ ಕಾಣುವ ಮಾಸ್ಕೋ ಬೇರೆಯೇ. ಅಷ್ಟು ದೂರಕ್ಕೆ ಪಡೆ ಸಾಗಿಸುವ ಹಡಗು, ವಿಮಾನಗಳ ಬಲ ಅದಕ್ಕಿರಲಿಲ್ಲ. ಮಾತು ದೊಡ್ಡದು, ಕೈಯಲ್ಲಿದ್ದದ್ದು ಕಡಿಮೆ. ಸೆಪ್ಟೆಂಬರ್‌ನಲ್ಲಿ ಮೊಬುಟು ಅವರ ರಾಯಭಾರ ಕಚೇರಿಯನ್ನೇ ಮುಚ್ಚಿಸಿ ಹೊರಹಾಕಿದಾಗ ಸದ್ದಿಲ್ಲದೆ ಗಂಟುಮೂಟೆ ಕಟ್ಟಿದರು. ಕ್ರುಶ್ಚೆವ್ ನ್ಯೂಯಾರ್ಕಿಗೆ ಹೋಗಿ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಹಮ್ಮರ್‌ಷೋಲ್ಡ್ ರಾಜೀನಾಮೆ ಕೊಡಬೇಕೆಂದು ಗುಡುಗಿದರು. ಲುಮುಂಬಾ ಸತ್ತ ಮೇಲೆ ಮಾಸ್ಕೋದ ಒಂದು ವಿಶ್ವವಿದ್ಯಾಲಯಕ್ಕೆ ಅವರ ಹೆಸರಿಟ್ಟರು. ಬದುಕಿದ್ದಾಗ ಸಿಕ್ಕ ನೆರವಿಗಿಂತ ಸತ್ತ ಮೇಲೆ ಸಿಕ್ಕ ಗೌರವ ದೊಡ್ಡದು.

ಒಂದು ಪಕ್ಷದ ಕಡತದಲ್ಲಿ ಎದುರಾಳಿ ಯಾವಾಗಲೂ ಇರುವುದಕ್ಕಿಂತ ದೊಡ್ಡವನಾಗಿರುತ್ತಾನೆ. ಅನುದಾನ ಬೇಕಾದ ಇಲಾಖೆ ಬರಗಾಲವನ್ನು ವರ್ಣಿಸುವ ಹಾಗೆ. ಎರಡೂ ಕಡೆಯದನ್ನು ಓದದೆ ಮಹಾಶಕ್ತಿಗಳ ಪೈಪೋಟಿ ಎಂದು ಬರೆದುಬಿಟ್ಟರೆ, ಸಮಬಲದ ಜಟ್ಟಿಗಳಿಬ್ಬರು ಕಾದಾಡಿದರು ಎಂಬ ಚಿತ್ರ ಬರುತ್ತದೆ. ಕಾಂಗೋದಲ್ಲಿ ಹಾಗಿರಲಿಲ್ಲ. ಒಂದು ಕಡೆ ಹಣ, ಠಾಣೆ, ವಿಮಾನ, ಗಣಿ ಕಂಪನಿ, ಹಳೆಯ ವಸಾಹತಿನ ಅಧಿಕಾರಿಗಳು, ಇನ್ನೊಂದು ಕಡೆ ಹೆಚ್ಚಾಗಿ ಭಾಷಣ.

ನಡುವೆ ನಿಂತ ವಿಶ್ವಸಂಸ್ಥೆಯ ಕಾಗದಗಳಲ್ಲಿ ಭಾರತದವರು ಸಿಗುತ್ತಾರೆ. 1960ರ ಸೆಪ್ಟೆಂಬರ್ ಆರಂಭದಲ್ಲಿ, ಕಾಸಾವುಬು ಲುಮುಂಬಾರನ್ನು ವಜಾ ಮಾಡಿದ ಹೊತ್ತಿಗೆ, ಅಲ್ಲಿ ವಿಶ್ವಸಂಸ್ಥೆಯ ಹೊಣೆ ಹೊತ್ತಿದ್ದವರು ಅಮೆರಿಕದ ಆಂಡ್ರ್ಯೂ ಕಾರ್ಡಿಯರ್. ಅವರು ವಿಮಾನ ನಿಲ್ದಾಣಗಳನ್ನೂ ಲಿಯೋಪೋಲ್ಡ್‌ವಿಲ್ ರೇಡಿಯೋ ಕೇಂದ್ರವನ್ನೂ ಮುಚ್ಚಿಸಿದರು. ಇಬ್ಬರಿಗೂ ಸಮಾನ ನಿರ್ಬಂಧ ಎಂಬ ಲೆಕ್ಕ. ಆದರೆ ಕಾಸಾವುಬುಗೆ ನದಿಯಾಚೆಯ ಬ್ರಾಝಾವಿಲ್ ರೇಡಿಯೋ ತೆರೆದಿತ್ತು. ಜನರನ್ನು ಮಾತಿನಿಂದಲೇ ಕಟ್ಟಿದ್ದ ಲುಮುಂಬಾಗೆ ಮೈಕ್ ಇಲ್ಲದಾಯಿತು. ಸುದ್ದಿಯ ಕಸುಬಿನಲ್ಲಿರುವ ನಾವು ಈ ಒಂದು ಕ್ರಮವನ್ನು ವಿಷದ ಬಾಟಲಿಗಿಂತ ಹೆಚ್ಚು ಪರಿಣಾಮಕಾರಿ ಎಂದೇ ಎಣಿಸುತ್ತೇವೆ. ಅದೇ ವಾರ ಕಾರ್ಡಿಯರ್ ಜಾಗಕ್ಕೆ ಬಂದವರು ಭಾರತದ ರಾಜೇಶ್ವರ ದಯಾಳ್. ಮೊಬುಟು ಸರ್ಕಾರಕ್ಕೆ ಮಾನ್ಯತೆ ಕೊಡಲು ಒಪ್ಪದೆ, ಲುಮುಂಬಾ ಮನೆಗೆ ಕಾವಲು ಮುಂದುವರಿಸಿ, ಬೆಲ್ಜಿಯಂ ಅಧಿಕಾರಿಗಳು ಮತ್ತೆ ಬರುತ್ತಿರುವುದನ್ನು ನವೆಂಬರ್ ವರದಿಯಲ್ಲಿ ಬರೆದರು. ಅಮೆರಿಕದ ಕೇಬಲ್‌ಗಳಲ್ಲಿ ದಯಾಳ್ ಬಗ್ಗೆ ದೂರುಗಳ ಮೇಲೆ ದೂರು. 1961ರ ಮೇನಲ್ಲಿ ಅವರು ಹುದ್ದೆ ಬಿಡಬೇಕಾಯಿತು. ಅದೇ ವರ್ಷ ಮಾರ್ಚ್‌ನಲ್ಲಿ ಭಾರತದ ಬ್ರಿಗೇಡ್ ಅಲ್ಲಿಗೆ ಹೋಯಿತು. ಡಿಸೆಂಬರ್ 5ರಂದು ಎಲಿಜಬೆತ್‌ವಿಲ್‌ನಲ್ಲಿ ಮಡಿದ ಕ್ಯಾಪ್ಟನ್ ಗುರ್‌ಬಚನ್ ಸಿಂಗ್ ಸಲಾರಿಯಾ ಅವರಿಗೆ ಪರಮವೀರ ಚಕ್ರ ಬಂತು. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲಿ ಅವರ ಹೆಸರು ಓದಿದವರು ನಮ್ಮಲ್ಲಿ ಬಹಳ, ಅವರು ಯಾವ ಜಗಳದ ನಡುವೆ ಸತ್ತರು ಎಂದು ಓದಿದವರು ಕಡಿಮೆ.

ಭಾರತದ ಕಡೆಯಿಂದ ಓದಲು ನೆಹರು ಆಯ್ದ ಬರಹಗಳ ಸಂಪುಟಗಳು, ಲೋಕಸಭೆಯ ಚರ್ಚೆಗಳು ಇಂಟರ್‌ನೆಟ್‌ನಲ್ಲೇ ಇವೆ. ಸಚಿವಾಲಯದ ಕಡತ ಬೇಕೆಂದರೆ ಆರ್‌ಟಿಐ ಕಾಯ್ದೆಯ 8(3)ನೇ ಕಲಂ ನೆನಪಿರಲಿ. 20 ವರ್ಷ ಹಳೆಯ ವಿಷಯವನ್ನು ಕೊಡಬೇಕು ಎನ್ನುತ್ತದೆ. ಆದರೆ ದೇಶದ ಭದ್ರತೆ, ವಿದೇಶ ಸಂಬಂಧ, ಸಂಪುಟದ ಟಿಪ್ಪಣಿಗಳನ್ನು ಆಗಲೂ ಹೊರಗಿಟ್ಟಿದೆ. ಇಂಥ ಅರ್ಜಿಗೆ ಹಿಂಬರಹ ಬರುವುದು ಆ ಬಾಗಿಲಿನಿಂದಲೇ.

ಹಮ್ಮರ್‌ಷೋಲ್ಡ್ ಸ್ವತಃ 1961ರ ಸೆಪ್ಟೆಂಬರ್‌ನಲ್ಲಿ ಶೋಂಬೆ ಜತೆ ಸಂಧಾನಕ್ಕೆ ಹೊರಟಿದ್ದಾಗ ಎನ್‌ಡೋಲಾ ಬಳಿ ವಿಮಾನ ಬಿದ್ದು ಸತ್ತರು. ಅದು ಅಪಘಾತವೋ ದಾಳಿಯೋ ಎಂದು ತಾಂಜಾನಿಯಾದ ನ್ಯಾಯಮೂರ್ತಿ ಮೊಹಮ್ಮದ್ ಚಾಂಡೆ ಒತ್ಮಾನ್ ವಿಶ್ವಸಂಸ್ಥೆಯ ಪರವಾಗಿ ವಿಚಾರಿಸುತ್ತ ಬಂದಿದ್ದಾರೆ. ಕೆಲವು ದೇಶಗಳ ಬಳಿ ಇನ್ನೂ ಕೊಡದ ದಾಖಲೆಗಳಿರುವ ಸಾಧ್ಯತೆ ಹೆಚ್ಚು ಎಂದು ಅವರ ವರದಿಗಳು ಮತ್ತೆ ಮತ್ತೆ ಹೇಳಿವೆ.

ಈ ಎಲ್ಲ ಕಾಗದಗಳಲ್ಲಿ ಕಾಂಗೋದವರು ಬರೆದದ್ದು ಎಷ್ಟು? ಬಹಳ ಕಡಿಮೆ. 2004ರಲ್ಲಿ ವಾಷಿಂಗ್ಟನ್‌ನ ವಿಲ್ಸನ್ ಸೆಂಟರ್, ಡೆವ್ಲಿನ್ ಅವರನ್ನೂ ಕಾಂಗೋದ ಹಳೆಯ ರಾಜಕಾರಣಿಗಳನ್ನೂ ಒಂದೇ ಮೇಜಿನ ಸುತ್ತ ಕೂರಿಸಿ ಅವರವರ ನೆನಪುಗಳನ್ನು ದಾಖಲಿಸಿತು. ಕಾಗದವಿಲ್ಲದ ಕಡೆ ಬಾಯಿಮಾತಾದರೂ ಇರಲಿ ಎಂದು. ವಸಾಹತು ಆಡಳಿತದ ಕಡತಗಳನ್ನು ಬೆಲ್ಜಿಯಂನವರು ಸ್ವಾತಂತ್ರ್ಯಕ್ಕೆ ಮುನ್ನವೇ ಪೆಟ್ಟಿಗೆಗಳಲ್ಲಿ ತುಂಬಿ ಬ್ರಸೆಲ್ಸ್‌ಗೆ ಸಾಗಿಸಿದ್ದರು. ಹೊಸ ಸರ್ಕಾರ ಖಾಲಿ ಕಪಾಟುಗಳೊಂದಿಗೆ ಆಡಳಿತ ಶುರುಮಾಡಿತು. ಆ ಪೆಟ್ಟಿಗೆಗಳು ಇಂದಿಗೂ ಬ್ರಸೆಲ್ಸ್‌ನಲ್ಲಿವೆ. ಕಿನ್ಶಾಸಾದ ಸಂಶೋಧಕರು ತಮ್ಮ ಅಜ್ಜನ ಕಾಲದ ಜಿಲ್ಲಾ ಕಚೇರಿಯ ಮೂಲ ಕಡತ ನೋಡಬೇಕಾದರೆ ಮೊದಲು ಬೆಲ್ಜಿಯಂ ವೀಸಾಕ್ಕೆ ಅರ್ಜಿ ಹಾಕಬೇಕು.